ಬರದಲ್ಲಿ ಎದ್ದ ಮನೆ

ಹೇರೋಹಳ್ಳಿಯ ನಮ್ಮ ಮನೆಗೆ ಈಗ ಮೂರು ಅಂತಸ್ತು. ಕೆಳಗೆ ನಾವು, ಮೇಲೆ ಬಾಡಿಗೆಯವರು. ಯಾರಾದರೂ ಹೊಸಬರು ಬಂದರೆ ಅಮ್ಮ ಗೋಡೆಯ ಮೇಲಿನ ಅಪ್ಪನ ಫೋಟೋ ತೋರಿಸಿ, ‘ಇವ್ರೊಬ್ರೇ ನಿಂತು ಕಟ್ಸಿದ್ದು’ ಎನ್ನುತ್ತಾಳೆ. ಕಟ್ಟಿಸಿದ್ದು ಅಪ್ಪನೇ, ಸುಳ್ಳಲ್ಲ. ಆದರೆ ಈ ಮನೆ ಎದ್ದದ್ದು ಮಳೆ ಬಾರದ ಎರಡು ವರ್ಷಗಳಲ್ಲಿ. ಮಳೆ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಇಲ್ಲಿ ಇಂದಿಗೂ ಹೆಂಚಿನ ಮನೆಯೇ ಇರುತ್ತಿತ್ತೇನೋ. ಪಕ್ಕದಲ್ಲಿ ದೊಡ್ಡಪ್ಪ, ದೊಡ್ಡವ್ವ ಇರುತ್ತಿದ್ದರು. ನಾನೂ ಬಹುಶಃ ಇನ್ನಷ್ಟು ಒಳ್ಳೆಯ ಹೆಂಗಸಾಗಿರುತ್ತಿದ್ದೆ.

ಹಳೆಯ ಮನೆ ನಿಜಕ್ಕೂ ಒಂದೇ ಉದ್ದನೆಯ ಮನೆ. ತಾತ ತೀರಿಕೊಂಡ ಮೇಲೆ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಒಂದು ಕಡೆ ಅಪ್ಪನ ಅಣ್ಣ, ಅಂದರೆ ದೊಡ್ಡಪ್ಪ, ಅವನ ಹೆಂಡತಿ ದೊಡ್ಡವ್ವ. ಇನ್ನೊಂದು ಕಡೆ ಅಪ್ಪ, ಅಮ್ಮ, ನಾನು. ಗೋಡೆ ಎಬ್ಬಿಸುವಾಗ ಅಡುಗೆಮನೆಗಳ ನಡುವೆ ಒಂದು ಕಿಂಡಿ ಬಿಡಿಸಿದ್ದು ದೊಡ್ಡವ್ವನಂತೆ. ಆ ಕಿಂಡಿಯಿಂದ ಬಸ್ಸಾರು, ಉಪ್ಪೆಸರು, ಹಬ್ಬದ ಒಬ್ಬಟ್ಟು, ಜ್ವರದ ಮಾತ್ರೆ, ಒಮ್ಮೊಮ್ಮೆ ಬೈಗುಳವೂ ಆಚೀಚೆ ಹೋಗುತ್ತಿದ್ದವು. ಹಿತ್ತಿಲ ಬಾವಿ ಇಬ್ಬರಿಗೂ ಸೇರಿದ್ದು. ಬಾವಿಯಾಚೆ ದೊಡ್ಡಪ್ಪನ ಸೊಪ್ಪಿನ ಮಡಿಗಳು: ದಂಟು, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ. ಬೆಳಕು ಹರಿಯುವಷ್ಟರಲ್ಲಿ ದೊಡ್ಡವ್ವ ಸೊಪ್ಪು ಕಿತ್ತು, ಕಂತೆ ಕಟ್ಟಿ, ಒದ್ದೆ ಗೋಣಿ ಮುಚ್ಚಿ, ಬಸ್ಸು ಹತ್ತಿ ಬಸವೇಶ್ವರನಗರಕ್ಕೆ ಹೋಗುತ್ತಿದ್ದಳು. ಅಲ್ಲಿನ ಮನೆಗಳ ಗೇಟಿನ ಮುಂದೆ ನಿಂತು ಅವಳು ಕೂಗುವುದನ್ನು ನಾನು ರಜೆಯಲ್ಲಿ ಜೊತೆಗೆ ಹೋಗಿ ಕೇಳಿದ್ದೇನೆ. ಆ ಮನೆಗಳ ಹೆಂಗಸರು ಅವಳನ್ನು ‘ಸೊಪ್ಪಿನಮ್ಮ’ ಎನ್ನುತ್ತಿದ್ದರು. ಕಂತೆ ಚಿಕ್ಕದಾಯಿತೆಂದು ಯಾರಾದರೂ ಗೊಣಗಿದರೆ, ‘ನಮ್ ಬಾವಿ ನೀರಲ್ಲಿ ಬೆಳ್ದಿದ್ದು, ಬೇಯ್ಸಿ ನೋಡು, ಆಮೇಲೆ ಮಾತಾಡು’ ಎಂದು ತಲೆಯೆತ್ತಿ ಹೇಳುತ್ತಿದ್ದಳು.

ಅವಳಿಗೆ ಮಕ್ಕಳಿರಲಿಲ್ಲ. ನಾನು ಹುಟ್ಟಿದ ಮೇಲೆ ಅಮ್ಮ ಬಹಳ ದಿನ ಹಾಸಿಗೆ ಹಿಡಿದಿದ್ದಳಂತೆ. ಹಾಗಾಗಿ ನನ್ನನ್ನು ಎತ್ತಿ ಆಡಿಸಿದ್ದು, ಅನ್ನ ನುರಿದು ತಿನ್ನಿಸಿದ್ದು ಎಲ್ಲ ದೊಡ್ಡವ್ವನೇ. ಭಾನುವಾರ ಬೆಳಿಗ್ಗೆ ಅವಳ ಬಚ್ಚಲಲ್ಲಿ ನನಗೆ ಎಣ್ಣೆನೀರು. ಹಂಡೆಯ ಕೆಳಗೆ ತೆಂಗಿನ ಮಟ್ಟೆ ಉರಿಯುತ್ತಿತ್ತು, ಅವಳು ತಂಬಿಗೆಯ ಮೇಲೆ ತಂಬಿಗೆ ಸುರಿಯುತ್ತಿದ್ದಳು. ಸೀಗೆಪುಡಿ ಕಣ್ಣಿಗೆ ಬಿದ್ದು ನಾನು ಕಿರುಚಿದರೆ, ‘ಸಾಯ್ತೀಯೇನೇ, ಬಿಸ್ನೀರು ಕಣೇ ಇದು’ ಎಂದು ನಗುತ್ತಿದ್ದಳು. ನೀರು ಮುಗಿಯುವ ಪದಾರ್ಥವೆಂದು ನನಗೆ ಆಗ ಗೊತ್ತಿರಲಿಲ್ಲ.

ಬರ ನಮ್ಮ ಮನೆಯೊಳಗೆ ಬಂದದ್ದು ಹೊಲದ ಕಡೆಯಿಂದಲ್ಲ, ಅಪ್ಪನ ವರ್ಕ್‌ಶಾಪಿನ ಕಡೆಯಿಂದ. ಅಪ್ಪ ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತು ಯಂತ್ರ ಓಡಿಸುತ್ತಿದ್ದ. ಅದೆಲ್ಲೋ ಘಟ್ಟದ ಮೇಲೆ ಮಳೆಯಾಗಲಿಲ್ಲ, ಅಣೆಕಟ್ಟು ತುಂಬಲಿಲ್ಲ, ಕರೆಂಟು ಸಾಲಲಿಲ್ಲ. ಮೊದಲು ದಿನಕ್ಕೆರಡು ಗಂಟೆ ಹೋಗುತ್ತಿದ್ದ ಕರೆಂಟು ಆಮೇಲೆ ಅರ್ಧ ದಿನ ಹೋಗತೊಡಗಿತು. ಅಪ್ಪ ಮಧ್ಯಾಹ್ನವೇ ಮನೆಗೆ ಬಂದು ಜಗಲಿಯ ಮೇಲೆ ಕೂರುತ್ತಿದ್ದ. ಬೆರಳ ಸಂದಿಯ ಗ್ರೀಸು ಹೋಗಿ ಕೈ ಬೆಳ್ಳಗಾಗುತ್ತಿದ್ದುದನ್ನು ನಾನು ಆಶ್ಚರ್ಯದಿಂದ ನೋಡುತ್ತಿದ್ದೆ. ಒಂದು ದಿನ ವರ್ಕ್‌ಶಾಪಿನ ಯಜಮಾನ ಎಲ್ಲರನ್ನೂ ಕರೆದು, ಮಳೆ ಬಂದ ಮೇಲೆ ಹೇಳಿ ಕಳಿಸುತ್ತೇನೆ ಎಂದನಂತೆ. ಅಪ್ಪ ಊಟದ ತಟ್ಟೆಯ ಮುಂದೆ ಕೂತು ಅದನ್ನು ಅಮ್ಮನಿಗೆ ಹೇಳಿದ ರೀತಿ ನೆನಪಿದೆ.

‘ಲೇತಿಗೂ ಮಳೆಗೂ ಏನ್ ಸಂಬಂಧ ಹೇಳು. ನಾನೇನ್ ರಾಗಿ ಬೆಳೀತಿದ್ನಾ?’

ಅಮ್ಮ ಮುದ್ದೆಯ ಮೇಲೆ ಇನ್ನೊಂದು ಸೌಟು ಸಾರು ಬಿಟ್ಟಳು.

ಅಪ್ಪ ಕೆಟ್ಟವನಾಗಿರಲಿಲ್ಲ. ಕೆಲಸ ಹೋದ ಮೂರು ತಿಂಗಳು ಅವನು ಕೇಳದ ಬಾಗಿಲಿಲ್ಲ. ಕೊನೆಗೆ ತನ್ನ ಪಾಲಿನ ಒಂದು ತುಂಡು ಜಾಗ ಮಾರಿ, ನೀರು ನೋಡುವವನೊಬ್ಬನನ್ನು ಕರೆಸಿದ. ಆ ಮನುಷ್ಯ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹಿತ್ತಿಲೆಲ್ಲ ಸುತ್ತಿದ. ಕಾಯಿ ಎದ್ದು ನಿಂತದ್ದು ಬಾವಿಯಿಂದ ಹತ್ತು ಹೆಜ್ಜೆ ದೂರದಲ್ಲಿ. ದೊಡ್ಡಪ್ಪ ಅಲ್ಲೇ ನಿಂತಿದ್ದ.

‘ಬಾವಿ ಮಗ್ಗುಲಲ್ಲಿ ಬೇಡ ಕಣೋ. ಆ ಕಡೆ ಮೂಲೇಲಿ ಕೊರ್ಸು.’

‘ಅಲ್ಲಿ ನೀರಿಲ್ಲ ಅಂತಾನಲ್ಲಣ್ಣ. ಇದು ನನ್ ಭಾಗದ ಜಾಗ. ನೀರು ಬಿದ್ರೆ ನಿಂಗೂ ತಾನೆ?’

ದೊಡ್ಡಪ್ಪ ಹೆಚ್ಚು ಮಾತಿನವನಲ್ಲ, ಮಡಿಗಳ ಕಡೆಗೆ ಹೋದ. ಬೋರ್‌ವೆಲ್ ಲಾರಿ ಬಂದು ಹಗಲೆಲ್ಲ ನೆಲ ಕೊರೆಯಿತು. ಬೂದಿಯಂಥ ಧೂಳು ದಂಟಿನ ಸೊಪ್ಪಿನ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ, ನಮ್ಮ ರೆಪ್ಪೆಗಳ ಮೇಲೆ ಕೂತಿತು. ಮಾರನೆಯ ಮಧ್ಯಾಹ್ನ ನೀರು ಚಿಮ್ಮಿದಾಗ ಊರಿಗೆ ಊರೇ ನೆರೆಯಿತು. ಮೊದಲ ಕಾಯಿ ಒಡೆದದ್ದು ದೊಡ್ಡಪ್ಪನೇ. ದೊಡ್ಡವ್ವ ಆ ಕೆಸರು ನೀರಿಗೇ ಅರಿಸಿನ ಕುಂಕುಮ ಹಾಕಿ, ಬೊಗಸೆಯಲ್ಲಿ ತುಂಬಿ ನನ್ನ ತಲೆಗೆ ಸುರಿದಳು. ನಮ್ಮೆರಡು ಮನೆಗಳೂ ಒಟ್ಟಿಗೆ ಸಂತೋಷಪಟ್ಟದ್ದು ಅದೇ ಕೊನೆ.

ನೀರು ಕೊಳ್ಳಲು ಟ್ಯಾಂಕರಿನವರು ಒಂದು ವಾರದೊಳಗೆ ಬಂದರು. ತಿಂಗಳು ಕಳೆಯುವಷ್ಟರಲ್ಲಿ ಅಪ್ಪ ಒಂದು ಹಳೆಯ ಟ್ರ್ಯಾಕ್ಟರನ್ನೂ ಟ್ಯಾಂಕರನ್ನೂ ತಾನೇ ತಂದು ನಿಲ್ಲಿಸಿದ. ಶಾಲೆಯಿಲ್ಲದ ದಿನ ನಾನು ಮಡ್‌ಗಾರ್ಡಿನ ಮೇಲೆ ಕೂತು ಅವನ ಜೊತೆ ಹೋಗುತ್ತಿದ್ದೆ. ಪಟ್ಟಣವನ್ನು ನಾನು ಸರಿಯಾಗಿ ಕಂಡದ್ದು ಅಲ್ಲಿಂದಲೇ. ತಟ್ಟೆ ತೊಳೆಯಲು ನೀರಿಲ್ಲದೆ ಒಂದು ಹೋಟೆಲಿನವರು ಮುತ್ತುಗದ ಎಲೆಯಲ್ಲಿ ಇಡ್ಲಿ ಕೊಡುತ್ತಿದ್ದರು. ಅದರ ಪಕ್ಕದ ಸಣ್ಣ ಹೋಟೆಲು ಬಾಗಿಲು ಹಾಕಿತ್ತು. ಗಾಡಿ ತೊಳೆಯುವ ಅಂಗಡಿಯ ಹುಡುಗರು ಒಣಗಿದ ಪೈಪಿನ ಮೇಲೆ ಕೂತು ಇಸ್ಪೀಟಾಡುತ್ತಿದ್ದರು. ಬಟ್ಟೆಗೆ ಬಣ್ಣ ಹಾಕುವ ಒಬ್ಬಾತ ತನ್ನ ತೊಟ್ಟಿಗಳನ್ನು ಗುಜರಿಗೆ ಹಾಕುತ್ತಿದ್ದ. ಎದುರಿಗೇ ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿಗೆ ನಮ್ಮ ಟ್ಯಾಂಕರು ದಿನಕ್ಕೆ ಎರಡು ಸಲ ಹೋಗುತ್ತಿತ್ತು. ಬರ ಎಲ್ಲರಿಗೂ ಒಂದೇ ಎಂದು ಈಗ ಯಾರಾದರೂ ಭಾಷಣ ಮಾಡಿದರೆ ನನಗೆ ನಗು ಬರುತ್ತದೆ. ನೀರು ಕೊಳ್ಳಬಲ್ಲವನ ಕೆಲಸ ನಡೆಯಿತು, ಕೊಳ್ಳಲಾರದವನ ಕೆಲಸ ನಿಂತಿತು. ಹಾಗೆ ನಿಂತವರ ಪೈಕಿ ಅಪ್ಪನ ಜೊತೆ ಲೇತು ಓಡಿಸುತ್ತಿದ್ದವರೂ ಇದ್ದರು. ಅವರಲ್ಲೊಬ್ಬ ದಾರಿಯಲ್ಲಿ ಸಿಕ್ಕಿ, ‘ನಂಗೂ ಡ್ರೈವರ್ ಕೆಲ್ಸ ಕೊಡ್ಸು ಗುರು’ ಎಂದಾಗ ಅಪ್ಪ ಗಾಡಿ ನಿಲ್ಲಿಸದೆ ಕೈ ಬೀಸಿದ.

ಬಾವಿ ಎರಡು ತಿಂಗಳಲ್ಲಿ ಬತ್ತಿತು. ಮೊದಲು ಹಗ್ಗಕ್ಕೆ ಹಗ್ಗ ಕಟ್ಟಿದರು. ಆಮೇಲೆ ಬಿಂದಿಗೆಯಲ್ಲಿ ಕೆಸರು ಬಂತು. ಆಮೇಲೆ ಬಿಂದಿಗೆ ಕಲ್ಲಿಗೆ ತಾಗುವ ಸದ್ದು ಮಾತ್ರ. ಒಂದು ಮಧ್ಯಾಹ್ನ ನಾವು ಉಣ್ಣುವಾಗ ದೊಡ್ಡಪ್ಪ ಹೊಸ್ತಿಲ ಬಳಿ ಬಂದು ನಿಂತ. ಅಮ್ಮ ತಟ್ಟೆ ಹಾಕಿದಳು, ಅವನು ಕೂರಲಿಲ್ಲ.

‘ಬಾವೀಲಿ ನೀರಿಲ್ಲ ಕಣೋ.’

‘ಮಳೇನೇ ಇಲ್ವಲ್ಲಣ್ಣ. ಊರಿಗೇ ಬಂದಿರೋ ಕಷ್ಟ.’

‘ಊರಿನ್ ಬಾವಿಗಳು ಮಳೆ ಇಲ್ದೆ ಬತ್ತಿದ್ವು. ನಮ್ದು ನಿನ್ ಮೋಟ್ರಿಗೆ ಬತ್ತಿರೋದು.’

ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ.

‘ಈಗೇನ್ ಮಾಡು ಅಂತೀಯ? ಬೋರ್ ಮುಚ್ಚಿಸ್ಲಾ?’

‘ಮುಚ್ಚು ಅಂದ್ನಾ? ಮಡಿಗೆ ದಿನಕ್ಕೊಂದ್ ಗಂಟೆ ಬಿಡು. ಸೊಪ್ಪು ಸಾಯ್ತಾ ಐತೆ.’

‘ಕರೆಂಟ್ ಬರೋದೇ ಮೂರು ಗಂಟೆ. ಅದ್ರಲ್ಲಿ ಒಂದ್ ಗಂಟೆ ಸೊಪ್ಪಿಗೆ ಬಿಟ್ರೆ ಟ್ಯಾಂಕರ್‌ಗೆ ಏನ್ ಹೇಳ್ಲಿ? ಒಂದ್ ಟ್ಯಾಂಕರ್ ನೀರಲ್ಲಿ ಬರೋದು ನಿನ್ ಇಡೀ ತಿಂಗಳ ಸೊಪ್ಪಲ್ಲಿ ಬರಲ್ಲ. ನೀನೇ ಯೋಚ್ನೆ ಮಾಡು.’

ದೊಡ್ಡಪ್ಪ ಯೋಚನೆ ಮಾಡಿದನೋ ಏನೋ. ನನ್ನ ತಟ್ಟೆಯ ಕಡೆ ನೋಡಿದ. ಆಮೇಲೆ, ‘ಸೊಪ್ಪು ತಿನ್ನೋ ಜನ ಇನ್ಮೇಲೆ ನಿನ್ ಟ್ಯಾಂಕರೇ ತಿನ್ಲಿ ಬುಡು’ ಎಂದು ಹೊರಟುಹೋದ. ಅಪ್ಪ ನಾಲ್ಕು ದಿನ ಮಡಿಗೆ ನೀರು ಬಿಟ್ಟ. ಐದನೆಯ ದಿನ ಒಂದು ಮದುವೆ ಛತ್ರದವರು ಬಂದರು. ಆರನೆಯ ದಿನ ಇನ್ಯಾರೋ. ಮೆಂತ್ಯ ಮೊದಲು ಹೋಯಿತು, ಆಮೇಲೆ ಕೊತ್ತಂಬರಿ. ಕಿಂಡಿಯಿಂದ ಬಸ್ಸಾರು ಬರುವುದು ನಿಂತಿತು. ಅಮ್ಮ ಒಂದು ಸಲ ಕೋಳಿ ಸಾರಿನ ಬಟ್ಟಲನ್ನು ಆ ಕಡೆಗೆ ಇಟ್ಟಳು. ಸಂಜೆಯವರೆಗೂ ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅಮ್ಮ ಆ ಸಾರನ್ನು ಹಿತ್ತಿಲಿಗೆ ಚೆಲ್ಲಿ ಬಂದು, ಕಿಂಡಿಗೆ ಒಂದು ರಟ್ಟು ಅಡ್ಡವಿಟ್ಟಳು.

ಟ್ಯಾಂಕರಿನ ನೀರನ್ನು ಮಾರುತ್ತಿದ್ದ ಅಪ್ಪ, ಬಿಂದಿಗೆಯ ನೀರನ್ನು ಮಾತ್ರ ಪುಕ್ಕಟೆ ಕೊಡುತ್ತಿದ್ದ. ಸಂಜೆ ಒಂದು ಗಂಟೆ ನಮ್ಮ ಕಾಂಪೌಂಡಿನ ನಲ್ಲಿಯಲ್ಲಿ ಊರಿನವರೂ ಹೊಸ ಲೇಔಟಿನವರೂ ನೀರು ಹಿಡಿಯಬಹುದಿತ್ತು. ಇದರಿಂದ ಅವನಿಗೆ ಬಹಳ ಹೆಸರು ಬಂತು. ‘ಪುಣ್ಯಾತ್ಮ, ಅವ್ನ ಹೊಟ್ಟೆ ತಣ್ಣಗಿರ್ಲಿ’ ಎಂದು ಹೆಂಗಸರು ಹರಸುತ್ತಿದ್ದರು. ಗಣೇಶನ ಪೆಂಡಾಲಿನಲ್ಲಿ ಅವನಿಗೆ ಶಾಲು ಹೊದಿಸಿದರು. ಆ ನಲ್ಲಿಯ ಬಳಿ ಸ್ಟೂಲು ಹಾಕಿಕೊಂಡು, ಕ್ಯೂ ಮುರಿಯದಂತೆ ನೋಡಿಕೊಳ್ಳುವ ಕೆಲಸ ನನ್ನದು. ನನಗೆ ಆಗ ಹನ್ನೊಂದು ವರ್ಷ.

ಆ ಸ್ಟೂಲಿನ ಮೇಲೆ ನಾನು ಏನಾದೆ ಎಂಬುದನ್ನು ಬರೆಯುವುದಕ್ಕೇ ಈ ಅಧ್ಯಾಯ. ದೊಡ್ಡ ಹೆಂಗಸರು ನನ್ನ ಗಲ್ಲ ಹಿಡಿದು ‘ಶೋಭಾ ಪುಟ್ಟ, ನಂದೊಂದ್ ಬಿಂದಿಗೆ ಮುಂಚೆ ಬಿಡಮ್ಮ, ಮಗು ಒಂದೇ ಐತೆ ಮನೇಲಿ’ ಎನ್ನುತ್ತಿದ್ದರು. ಕಡಲೆಮಿಠಾಯಿ ತಂದುಕೊಡುತ್ತಿದ್ದರು. ನಾನು ಮಿಠಾಯಿ ತಿಂದು, ಅವರನ್ನು ಹಿಂದಕ್ಕೇ ನಿಲ್ಲಿಸುತ್ತಿದ್ದೆ. ಅದರಲ್ಲಿ ಒಂದು ರುಚಿಯಿತ್ತು, ಮಿಠಾಯಿಗಿಂತ ಹೆಚ್ಚಿನ ರುಚಿ. ನಮ್ಮ ಶಾಲೆಯ ಗಣಿತದ ಮಿಸ್ ಲೇಔಟಿನಲ್ಲಿ ಬಾಡಿಗೆಗಿದ್ದರು. ತರಗತಿಯಲ್ಲಿ ಡಸ್ಟರಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದ ಅವರು ಎರಡು ಪ್ಲಾಸ್ಟಿಕ್ ಬಿಂದಿಗೆ ಹಿಡಿದು ಕ್ಯೂನಲ್ಲಿ ನಿಂತು ನನ್ನನ್ನು ನೋಡಿ ನಕ್ಕರು. ಮಾರನೆಯ ದಿನ ನಾನು ಹೋಂವರ್ಕ್ ಮಾಡಿರಲಿಲ್ಲ. ಮಿಸ್ ನನ್ನ ಬೆಂಚಿನ ಬಳಿ ಬಂದು, ನೋಡಿಯೂ ನೋಡದವರಂತೆ ಮುಂದೆ ಹೋದರು. ಪಕ್ಕದ ಹುಡುಗಿಗೆ ಹೊಡೆತ ಬಿತ್ತು. ಆ ವರ್ಷ ನಾನು ಗಣಿತ ಕಲಿಯಲಿಲ್ಲ, ಕಲಿತದ್ದು ಬೇರೆಯೇ.

ಮನೆಯಲ್ಲಿ ದೊಡ್ಡವ್ವನ ವಿಷಯಕ್ಕೆ ಜಗಳವಾಗಿ, ಕೊನೆಗೆ ಅಪ್ಪನೇ ಅಮ್ಮನ ಕೈಲಿ ನನಗೆ ಹೇಳಿಸಿದ್ದ: ದೊಡ್ಡವ್ವ ಬಂದರೆ ಕ್ಯೂ ಬೇಡ, ಮುಂಚೆ ಬಿಡು. ಇದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಮುಂದೆ ಆದದ್ದನ್ನು ಅಪ್ಪನ ತಲೆಗೆ ಕಟ್ಟಿ ನಾನು ಬಹಳ ವರ್ಷ ಆರಾಮಾಗಿದ್ದೆ. ಎಷ್ಟೋ ದಿನ ದೊಡ್ಡವ್ವ ನಮ್ಮ ನಲ್ಲಿಗೆ ಬರಲೇ ಇಲ್ಲ, ಸುಂಕದಕಟ್ಟೆಯ ಕಡೆಗೆ ಹೋಗಿ ಎಲ್ಲಿಂದಲೋ ತರುತ್ತಿದ್ದಳು. ಅವಳು ಬಂದ ದಿನ ದೊಡ್ಡಪ್ಪನಿಗೆ ಜ್ವರವಿದ್ದು, ಬಿಟ್ಟು ದೂರ ಹೋಗಲಾಗಿರಲಿಲ್ಲವೇನೋ. ಒಂದು ಹಿತ್ತಾಳೆ ಬಿಂದಿಗೆ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರ ನಲ್ಲಿಯ ಹತ್ತಿರ ಬಂದಳು. ಮುಂದಿದ್ದ ಲೇಔಟಿನ ಹೆಂಗಸು ತನ್ನ ಬಿಂದಿಗೆ ಸರಿಸಲಿಲ್ಲ.

‘ಏನಮ್ಮ ಇದು? ನಾವು ನಾಲ್ಕು ಗಂಟೆಯಿಂದ ನಿಂತಿದೀವಿ. ಇವರು ಈಗ ಬಂದ್ರು.’

ಎಲ್ಲರೂ ನನ್ನ ಕಡೆ ನೋಡಿದರು. ಕ್ಯೂನಲ್ಲಿ ಮಿಸ್ ಕೂಡ ಇದ್ದರು. ಹುಟ್ಟಿದಾರಭ್ಯ ನಾನು ದೊಡ್ಡವ್ವನನ್ನು ‘ಬಾ, ಹೋಗು, ಕೊಡು’ ಎಂದೇ ಕರೆದವಳು. ಬೆನ್ನು ನೆಟ್ಟಗೆ ಮಾಡಿ, ಅಪರಿಚಿತರಿಗೆ ಹೇಳುವಂತೆ ಹೇಳಿದೆ:

‘ಕ್ಯೂನಲ್ಲಿ ಬನ್ನಿ.’

ದೊಡ್ಡವ್ವ ತಕ್ಷಣ ಅರ್ಥವಾಗದವಳಂತೆ ನಿಂತಳು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ನಾನು ಅಳುತ್ತಿದ್ದೆ, ಸ್ಟೂಲಿನಿಂದ ಇಳಿಯುತ್ತಿದ್ದೆ, ಏನೋ ಒಂದು ಸರಿಹೋಗುತ್ತಿತ್ತು. ಅವಳು ಬೈಯಲಿಲ್ಲ.

‘ಆಗ್ಲಿ ಕಣವ್ವ,’ ಎಂದು ಕ್ಯೂನ ಕೊನೆಗೆ ಹೋಗಿ ನಿಂತಳು. ಆ ಲೇಔಟಿನ ಹೆಂಗಸು, ‘ಮಗು ಎಷ್ಟು ನ್ಯಾಯವಾಗಿ ಮಾಡುತ್ತೆ ನೋಡಿ’ ಎಂದಳು. ನನಗೆ ಹೆಮ್ಮೆಯಾಯಿತು. ಕಾಲು ಗಂಟೆ ಕಳೆದಿರಬಹುದು, ದೊಡ್ಡವ್ವನ ಮುಂದೆ ಇನ್ನು ಮೂರೇ ಜನ. ಆಗ ಕರೆಂಟು ಹೋಗಿ ಪೈಪಿನಲ್ಲಿ ಗಾಳಿ ಬಂತು. ಹೆಂಗಸರು ಶಾಪ ಹಾಕುತ್ತಾ ಚದುರಿದರು. ದೊಡ್ಡವ್ವ ಖಾಲಿ ಬಿಂದಿಗೆಯನ್ನು ಸೊಂಟಕ್ಕೇರಿಸಿ ನನ್ನ ಮುಂದೆಯೇ ಹಾದುಹೋದಳು. ಒಳಗೆ ನಮ್ಮ ತೊಟ್ಟಿ ತುಂಬಿತ್ತು. ಬಾ ದೊಡ್ಡವ್ವ, ಒಳಗಿಂದ ಕೊಡ್ತೀನಿ ಎನ್ನಲು ನನಗೆ ಬಾಯಿಯಿತ್ತು. ಎನ್ನಲಿಲ್ಲ.

ಆ ಬೇಸಿಗೆಯಲ್ಲೇ ನಮ್ಮ ಹೆಂಚಿನ ಭಾಗ ಕೆಡವಿ ಹೊಸ ಮನೆ ಶುರುಮಾಡಿದರು. ಕಾಂಕ್ರೀಟು ಬಿರುಕು ಬಿಡದಂತೆ ಬೆಳಿಗ್ಗೆ ಸಂಜೆ ಗೋಡೆಗೆ, ತಾರಸಿಗೆ ನೀರು ಕುಡಿಸಬೇಕಿತ್ತು. ಬೀದಿಯಲ್ಲಿ ಹೆಂಗಸರು ಬಿಂದಿಗೆ ಹಿಡಿದು ನಿಂತಿರುವಾಗ ಮೇಸ್ತ್ರಿ ಪೈಪು ಹಿಡಿದು ಗೋಡೆಗೆ ಸುರಿಯುತ್ತಿದ್ದ. ಇಳಿದ ನೀರು ಚರಂಡಿ ಸೇರುತ್ತಿತ್ತು. ಹಿತ್ತಿಲಲ್ಲಿ ಬಾವಿಯಾಚೆ ಮಡಿಗಳು ಬಿಳಿಚಿ ಬಿರುಕು ಬಿಟ್ಟಿದ್ದವು. ದೊಡ್ಡವ್ವ ಬುಟ್ಟಿ ಹೊತ್ತು ಹೋಗುತ್ತಿದ್ದ ಬಸವೇಶ್ವರನಗರದ ಮನೆಗಳಿಗೇ ಈಗ ಬರಿಗೈಯಲ್ಲಿ ಹೋಗತೊಡಗಿದಳು. ಗೇಟಿನ ಮುಂದೆ ಕೂಗುವುದಿಲ್ಲ. ಪಕ್ಕದ ಓಣಿಯಿಂದ ಹಿತ್ತಿಲಿಗೆ ಹೋಗಿ ಪಾತ್ರೆ ತೊಳೆಯುತ್ತಾಳೆ ಎಂದು ಅಮ್ಮ ಪಿಸುಗುಟ್ಟಿದಳು. ಆ ಬೀದಿಗಳಿಗೆ ನೀರು ಹೋಗುತ್ತಿದ್ದುದು ನಮ್ಮ ಟ್ಯಾಂಕರಿನಿಂದ. ತನ್ನ ಬಾವಿಯ ನೀರಿನಲ್ಲೇ ಅವಳು ಪರರ ಎಂಜಲು ತಟ್ಟೆ ತೊಳೆದಳು. ಅದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಅಪ್ಪನಿಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಮುಂದಿನ ವರ್ಷವೂ ಮಳೆ ಕೈಕೊಟ್ಟಿತು. ದೊಡ್ಡಪ್ಪ ತನ್ನ ಭಾಗವನ್ನೆಲ್ಲ ಸೈಟು ಮಾಡಿ ಮಾರುವವರಿಗೆ ಬರೆದುಕೊಟ್ಟ. ಅಪ್ಪನನ್ನು ಒಂದು ಮಾತು ಕೇಳಲಿಲ್ಲ. ನಾಯಂಡಹಳ್ಳಿಯ ಗೋಡೌನೊಂದರಲ್ಲಿ ಅವನಿಗೆ ಕಾವಲುಗಾರನ ಕೆಲಸ ಸಿಕ್ಕಿತು, ಅಲ್ಲೇ ಹತ್ತಿರ ಒಂದು ಕೋಣೆ. ಅವರು ಸಾಮಾನು ಕಟ್ಟುತ್ತಿದ್ದ ದಿನ ಮಧ್ಯಾಹ್ನ ಮಳೆ ಬಂತು.

ಸಣ್ಣ ಮಳೆಯಲ್ಲ. ಆಕಾಶವೇ ಕಳಚಿ ಬಿದ್ದಂಥ ಮಳೆ. ಬೀದಿಯ ಮಕ್ಕಳೆಲ್ಲ ಹೊರಗೆ ಹಾರಿದರು. ಹೆಂಗಸರು ಕೊಡ, ಬಕೆಟ್ಟು, ಪಾತ್ರೆ, ಕೊನೆಗೆ ಇಡ್ಲಿ ತಟ್ಟೆಯನ್ನೂ ತಂದು ಸೂರಿನ ಕೆಳಗಿಟ್ಟರು. ಮುದುಕರು ನಡುಬೀದಿಯಲ್ಲಿ ನಿಂತು ಕೈಮುಗಿದರು. ದೊಡ್ಡವ್ವ ಗಂಟುಮೂಟೆಯ ನಡುವಿನಿಂದ ಎದ್ದುಬಂದು, ಹಿತ್ತಿಲಲ್ಲಿ ಮುಖ ಮೇಲೆತ್ತಿ ನಿಂತಳು. ನಮ್ಮ ಹೊಸ ಮನೆಯ ಅರ್ಧ ಕಟ್ಟಿದ ಎರಡನೆಯ ಅಂತಸ್ತಿನಿಂದ ನಾನು ಅವಳನ್ನು ನೋಡುತ್ತಿದ್ದೆ. ಪಕ್ಕದಲ್ಲಿ ಅಪ್ಪ ಬೀಡಿ ಹಚ್ಚಲು ಹೋಗಿ, ಗಾಳಿಗೆ ಕಡ್ಡಿ ಆರಿ, ಕಡ್ಡಿಪೆಟ್ಟಿಗೆಯನ್ನೇ ಎಸೆದ.

‘ಇನ್ನೊಂದ್ ನಾಲ್ಕು ತಿಂಗ್ಳು ತಡ್ದಿದ್ರೆ ಮೇಲಿಂದೂ ಮುಗೀತಿತ್ತು. ಥೂ.’

ಅಪ್ಪ ಮಳೆಗೆ ಉಗಿದದ್ದು ನನಗೆ ತಪ್ಪೆನಿಸಲಿಲ್ಲ. ನನ್ನ ಯೋಚನೆ ಬೇರೆಯಿತ್ತು. ನಾಳೆ ಸಂಜೆ ಕ್ಯೂ ಇರುವುದಿಲ್ಲ. ನಾಳೆ ಮಿಸ್ ನನ್ನ ಹೋಂವರ್ಕ್ ನೋಡುತ್ತಾರೆ. ಇಡೀ ಹೇರೋಹಳ್ಳಿ ನೆನೆದು ಕುಣಿಯುತ್ತಿದ್ದಾಗ, ಮಳೆ ನಿಲ್ಲಲಿ ಎಂದು ಕಣ್ಣುಮುಚ್ಚಿ ಬೇಡಿಕೊಂಡವಳು ನಾನು. ಸಂಜೆ ಮಳೆಯಲ್ಲೇ ದೊಡ್ಡಪ್ಪ ದೊಡ್ಡವ್ವ ಲಗೇಜ್ ಆಟೋ ಹತ್ತಿ ಹೋದರು. ನಾನು ಕೆಳಗಿಳಿಯಲಿಲ್ಲ.

ಅಣ್ಣತಮ್ಮಂದಿರು ಮತ್ತೆ ಮಾತಾಡಲಿಲ್ಲ. ದೊಡ್ಡಪ್ಪ ಸತ್ತಾಗ ಅಪ್ಪ ಹೋಗಿ ದೂರದಲ್ಲಿ ನಿಂತು ಬಂದ. ಕೆಲವು ವರ್ಷಗಳ ಮೇಲೆ ಅಪ್ಪನೂ ಹೋದ. ನಮ್ಮ ಬೋರು ಎಂದೋ ಗಾಳಿ ಉಗುಳಿ ನಿಂತಿದೆ. ಈಗ ನಾವೂ ಟ್ಯಾಂಕರು ತರಿಸಿ ನೆಲದಡಿಯ ಸಂಪು ತುಂಬಿಸುತ್ತೇವೆ. ಮೇಲಿನ ಮನೆಯವರು ಫೋನು ಮಾಡಿ, ‘ಆಂಟಿ, ನೀರು ನಿಂತಿದೆ, ಮೋಟರ್ ಹಾಕ್ತೀರಾ?’ ಎಂದಾಗ ನಾನು ತಕ್ಷಣ ಏಳುವುದಿಲ್ಲ. ಕೆಲಸವೇನೂ ಇರುವುದಿಲ್ಲ. ಆದರೂ ಎರಡು ನಿಮಿಷ ಕೂತು, ಆಮೇಲೆ ಏಳುತ್ತೇನೆ. ಸ್ವಿಚ್ಚಿನ ಮೇಲೆ ಕೈಯಿಟ್ಟಾಗ ಪ್ರತಿ ಸಲವೂ ನಾಚಿಕೆಯಾಗುತ್ತದೆ. ಮುಂದಿನ ಸಲ ಮತ್ತೆ ಹಾಗೆಯೇ ಮಾಡುತ್ತೇನೆ.

ಮೊನ್ನೆ ಬೇಸಿಗೆಯಲ್ಲಿ ಬೆಂಗಳೂರು ಮತ್ತೆ ಬಿಂದಿಗೆ ಹಿಡಿದು ಬೀದಿಯಲ್ಲಿ ನಿಂತಾಗ, ಒಂದು ದಿನ ಮನಸ್ಸು ತಡೆಯದೆ ನಾಯಂಡಹಳ್ಳಿಗೆ ಹೋದೆ. ಮೆಟ್ರೋ ಸ್ಟೇಷನ್ನಿನ ಹಿಂದೆ, ವರ್ಕ್‌ಶಾಪುಗಳ ನಡುವೆ, ತಗಡಿನ ಸೂರಿನ ಒಂದು ಸಾಲು ಮನೆ. ದೊಡ್ಡವ್ವ ಬಾಗಿಲಲ್ಲಿ ಕಾಲು ಚಾಚಿ ಕೂತು ನೆನೆಸಿದ ಅವರೆಕಾಳನ್ನು ಸಿಪ್ಪೆಯಿಂದ ಚಿಲುಕುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗೆ. ಗುರುತು ಹಿಡಿದು, ‘ಶೋಭಾ ಅಲ್ವೇನೇ? ದಪ್ಪ ಆಗಿದೀಯ’ ಎಂದಳು. ಕಾಫಿ ಕಾಯಿಸಿಕೊಟ್ಟಳು. ಅಮ್ಮನ ಮಂಡಿನೋವು ವಿಚಾರಿಸಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಲೋಟ ಕೆಳಗಿಡುವಾಗ ಹೇಗೋ ಹೊರಗೆ ಹಾಕಿದೆ.

‘ದೊಡ್ಡವ್ವ, ಅವತ್ತು ನಿನ್ನ ಕ್ಯೂನಲ್ಲಿ ನಿಲ್ಲಿಸ್ಬಿಟ್ಟೆ. ಆಮೇಲೆ ಕರೆಂಟ್ ಹೋಯ್ತು. ನನ್ನಿಂದ ತಪ್ಪಾಯ್ತು.’

ಅವಳು ಕಾಳು ಚಿಲುಕುವ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ನೆನಪಿಗೆ ತಂದುಕೊಳ್ಳಲು ನಿಜವಾಗಿಯೂ ಪ್ರಯತ್ನಿಸಿದಳು, ಅದು ನನಗೆ ಕಂಡಿತು. ಕೊನೆಗೆ ತಲೆಯಾಡಿಸಿದಳು.

‘ಯಾವತ್ತು ಅಂತ ಯೋಳ್ಲಿ? ಅಲ್ಲಿಂದೀಚೆಗೆ ಎಷ್ಟ್ ಕ್ಯೂನಾಗ್ ನಿಂತಿವ್ನಿ ಕಣವ್ವ. ನಿಂದ್ಯಾವ್ದು ಅಂತ ನೆಪ್ಪಿಟ್ಕಳ್ಳನೆ?’

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಟ್ಯಾಂಕರಿನ ಹಾರನ್ ಕೇಳಿತು. ಕಾಳಿನ ಮೊರವನ್ನು ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದು ಎದ್ದು, ಎರಡು ಪ್ಲಾಸ್ಟಿಕ್ ಬಿಂದಿಗೆ ತೆಗೆದುಕೊಂಡು ಅವಳು ಆ ಕಡೆಗೆ ಹೊರಟಳು.